ಹ್ಯಾಂಗರಿಗೆ ತೂಗುಹಾಕಿದ ಶೂ

ಇಸ್ತ್ರಿ ಅಕ್ಕನ ಅಂಗಡಿಯಲ್ಲಿ ಮೇಜಿಗೂ ಹಿಂದಿನ ಗೋಡೆಗೂ ನಡುವೆ ಇರುವ ಜಾಗ ಒಂದೂವರೆ ಹೆಜ್ಜೆ ಅಗಲ, ಮೂರು ಹೆಜ್ಜೆ ಉದ್ದ. ಇಪ್ಪತ್ತೆರಡು ವರ್ಷ ಆಕೆ ನಿಂತದ್ದು ಅಲ್ಲೇ. ನೆಲದ ಸಿಮೆಂಟು ಆಕೆಯ ಎರಡು ಪಾದದ ಅಳತೆಗೆ ನುಣುಪಾಗಿದೆ. ನಂಬಿಕೆಯಿಲ್ಲದಿದ್ದರೆ ಮೇಜಿನ ಕೆಳಗೆ ಬಗ್ಗಿ ನೋಡಿ. ಅಂಥ ಹೆಂಗಸು ನಲವತ್ತು ದಾಟಿದ ಮೇಲೆ ಇಪ್ಪತ್ತೊಂದು ಕಿಲೋಮೀಟರ್ ಓಡುತ್ತೇನೆಂದು ಹೊರಟಾಗ ಬೀದಿಯವರು ನಕ್ಕರು. ನಗಲಿ ಬಿಡಿ. ನಕ್ಕವರಲ್ಲಿ ಅರ್ಧ ಜನಕ್ಕೆ ಬಸ್ಸು ಹಿಡಿಯಲು ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬರುತ್ತದೆ.

ಶುರುವಾದದ್ದು ಹೀಗೆ. ಊರಿನ ಓಟದ ಸ್ಪರ್ಧೆ ನಡೆಸುವವರು ಎರಡು ವರ್ಷದ ಹಿಂದೆ ಡಬ್ಬದಲ್ಲಿ ಮುದುರಿ ಮುದ್ದೆಯಾಗಿದ್ದ ನೂರೈವತ್ತು ಟೀ ಶರ್ಟು ತಂದು ಸುರಿದು, ನಾಳೆಗೇ ಬೇಕು ಎಂದರು. ಆಕೆ ಒಂದೊಂದನ್ನೇ ಒತ್ತುತ್ತಾ ಎದೆಯ ಮೇಲಿದ್ದ ಅಕ್ಷರಗಳನ್ನು ಓದಿಕೊಂಡಳು. ಒಯ್ಯಲು ಬಂದವನನ್ನು, "ಇದನ್ನ ಹಾಕ್ಕೊಂಡು ಯಾರು ಬೇಕಾದ್ರೂ ಓಡಬಹುದಾ?" ಎಂದು ಕೇಳಿದಳು. "ಹೆಸರು ಕೊಟ್ಟೋರು ಯಾರಾದ್ರೂ ಓಡಬಹುದು" ಎಂದನಾತ. ಮರುವರ್ಷ ಆಕೆ ಹೆಸರು ಕೊಟ್ಟಳು.

ಆ ಓಟಕ್ಕೊಂದು ನಿಯಮವಿದೆ. ಮೂರು ಗಂಟೆಯೊಳಗೆ ಮುಗಿಸಬೇಕು. ಸರಿಯಾಗಿ ಮೂರು ಗಂಟೆಗೆ ಗುರಿ ಮುಟ್ಟುವ ಲೆಕ್ಕದಲ್ಲಿ ಒಂದು ಬಿಳಿ ವ್ಯಾನು ಎಲ್ಲರ ಹಿಂದೆ ಒಂದೇ ವೇಗದಲ್ಲಿ ಬರುತ್ತದೆ. ಅದಕ್ಕಿಂತ ಹಿಂದೆ ಬಿದ್ದವರು ಹತ್ತಿ ಕೂರಬೇಕು. ಹದಿನೆಂಟನೇ ಕಿಲೋಮೀಟರಿನಲ್ಲಿ, ಕಾಲುವೆಯ ಸೇತುವೆಯ ಮೇಲೆ, ಆಕೆಯ ಎಡಗಾಲಿನ ಮೀನಖಂಡ ಕಲ್ಲಾಗಿ ಹಿಡಿದುಕೊಂಡಿತು. ಹಲ್ಲು ಕಚ್ಚಿಕೊಂಡು ಓಡಿದಳು, ಮುಗ್ಗರಿಸಿ ಬಿದ್ದಳು. ವ್ಯಾನು ಪಕ್ಕಕ್ಕೆ ಬಂದು ನಿಂತಿತು. ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಗುರಿಯ ಗೆರೆಯನ್ನು ಚಕ್ರದ ಮೇಲೆ ದಾಟಿದಳು. ನಿಂತಿದ್ದ ಜನ ಪಾಪ, ವ್ಯಾನಿಗೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯನ್ನು ನೆನೆದಾಗಲೆಲ್ಲ ಆಕೆಗೆ ಹೊಟ್ಟೆ ಉರಿಯುತ್ತಿತ್ತು. ಈ ಸಲ ಆ ಗೆರೆಯನ್ನು ತನ್ನ ಕಾಲಿನ ಮೇಲೆ ದಾಟಬೇಕು. ಬೇರೇನೂ ಬೇಡ.

ವ್ಯಾನಿನ ಡ್ರೈವರು ಬೇರೆ ಯಾರೂ ಅಲ್ಲ, ಪ್ರತಿ ಸೋಮವಾರ ಯೂನಿಫಾರಂ ಶರಟು ಇಸ್ತ್ರಿಗೆ ತರುವ ಗಿರಾಕಿ. ಮನುಷ್ಯ ಒಳ್ಳೆಯವನು, ಬಾಯಿ ಮಾತ್ರ ಸುಮ್ಮನಿರದು. ಚಳಿ ಶುರುವಾದ ವಾರದಿಂದ ಅವನದು ಒಂದೇ ರಾಗ.

"ಅಕ್ಕ, ಈ ಸಲಾನೂ ಕಿಟಕಿ ಪಕ್ಕದ ಸೀಟೇ ಇಟ್ಟಿರ್ಲಾ?"

"ಆ ಸೀಟಿನ ಮೇಲೆ ನಿಮ್ಮ ಊಟದ ಡಬ್ಬಿ ಇಟ್ಕೊಳ್ಳಿ" ಎಂದು ಆಕೆ ತಲೆ ಎತ್ತದೆ ಕಾಲರ್ ಒತ್ತಿದಳು. "ನಾನು ಕೂರಲ್ಲ."

ಹೇಳುವುದು ಸುಲಭ. ಚಳಿಗಾಲದ ಬೆಳಿಗ್ಗೆ ಐದಕ್ಕೆ ಏಳುವುದು ಹೇಳಿದಷ್ಟು ಸುಲಭವಲ್ಲ. ಗಂಡ ಬೇಕರಿಯ ಒಲೆ ಹಚ್ಚಲು ಅದಕ್ಕೂ ಮೊದಲೇ ಹೋಗಿರುತ್ತಿದ್ದ. ಹಾಸಿಗೆಯ ಅವನ ಅರ್ಧ ಆಗಲೇ ತಣ್ಣಗಿರುತ್ತಿತ್ತು. ತನ್ನ ಬೆಚ್ಚಗಿನ ಅರ್ಧವನ್ನೂ ಬಿಟ್ಟು ಆಕೆ ಮೆಟ್ಟಿಲ ಮೇಲೆ ಕೂತು, ಮರಗಟ್ಟಿದ ಬೆರಳಲ್ಲಿ ಲೇಸು ಕಟ್ಟುತ್ತಿದ್ದಳು. ಮಂಜಿನಲ್ಲಿ ಮುಂದಿನ ದೀಪದ ಕಂಬವೂ ಕಾಣುತ್ತಿರಲಿಲ್ಲ. ಮೊದಲ ಹತ್ತು ನಿಮಿಷ ಕಾಲು ತನ್ನದಲ್ಲ ಎನ್ನಿಸುವಷ್ಟು ಬಿಗಿ. ಆಮೇಲೆ ನೀರಿನ ಟ್ಯಾಂಕು, ಗೋದಾಮುಗಳ ಸಾಲು, ರೈಲು ಗೇಟು ಸುತ್ತಿ ಮನೆಗೆ. ಅಲ್ಲಿಗೆ ಮುಗಿಯಿತೇ? ಎಲ್ಲಿಂದ. ಒಂಬತ್ತು ಗಂಟೆಯಿಂದ ಸಂಜೆಯವರೆಗೆ ಅದೇ ಕಾಲಿನ ಮೇಲೆ ಮೇಜಿನ ಮುಂದೆ ನಿಲ್ಲಬೇಕು.

ನೋವು ಬಂತು. ಬರದೆ ಏನು ಮಾಡೀತು. ಅದಕ್ಕೆ ಆಕೆ ಮಾಡಿದ ಮದ್ದು ಇಸ್ತ್ರಿಯವರಿಗಷ್ಟೇ ಹೊಳೆಯುವಂಥದ್ದು. ದಪ್ಪ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಇಸ್ತ್ರಿ ಪೆಟ್ಟಿಗೆಯಿಂದ ಚೆನ್ನಾಗಿ ಕಾಯಿಸಿ, ಮೀನಖಂಡಕ್ಕೆ ಸುತ್ತಿ ಒತ್ತುವುದು. ಸಂಜೆಗೆ ಆರಾಮ. ಬೆಳಿಗ್ಗೆ ಮತ್ತೆ ಒಂದು ಶಾಖ ಕೊಟ್ಟು ಓಟ. ಸುಕ್ಕು ಬಿದ್ದಲ್ಲಿ ಬಿಸಿ ಒತ್ತಿದರೆ ಸುಕ್ಕು ಹೋಗುತ್ತದೆ ಎಂಬುದು ಆಕೆಗೆ ಕೈಯಲ್ಲೇ ಗೊತ್ತಿದ್ದ ವಿದ್ಯೆ. ಕಾಲೂ ಹಾಗೇ ಅಂದುಕೊಂಡಳು. ಒಂದು ದಿನವೂ ಬಿಡಲಿಲ್ಲ. ಬುಟ್ಟಿಯಲ್ಲಿ ಒಂದು ಬಟ್ಟೆ ಉಳಿದಿದ್ದರೆ ಅಂಗಡಿ ಮುಚ್ಚದ ಹೆಂಗಸು, ಓಟವನ್ನು ಬಿಡುತ್ತಾಳೆಯೇ? ಐದು ವಾರ ಕಳೆಯುವಷ್ಟರಲ್ಲಿ ಅಂಗಡಿಯ ಮೂರು ಮೆಟ್ಟಿಲನ್ನು ಗೋಡೆ ಹಿಡಿದು, ಹಿಮ್ಮುಖವಾಗಿ ಇಳಿಯುವಂತಾಯಿತು.

ಇದನ್ನೆಲ್ಲ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದವರು ಅತ್ತೆ. ಎಪ್ಪತ್ತು ದಾಟಿದ ಜೀವ. ಸೊಸೆಗಿಂತ ಮೊದಲು ಆ ಮೇಜಿನ ಮುಂದೆ ಮೂವತ್ತು ವರ್ಷ, ಅದೂ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತವರು. ಈಗ ಮೊಣಕಾಲು ಕೈಕೊಟ್ಟಿರುವುದರಿಂದ ಬಟ್ಟೆಗಳಿಗೆ ಚೀಟಿ ಸಿಕ್ಕಿಸುವ ಕೆಲಸ. ಬೇಡದ ಮಾತಾಡುವವರಲ್ಲ. ಆಡಿದರೆ ಮಾತ್ರ ನೆಟ್ಟಗೆ ತಾಗುತ್ತದೆ.

ಒಂದು ಸೋಮವಾರ ಡ್ರೈವರು ಅವಸರದಲ್ಲಿದ್ದ. ಒತ್ತಿ ಮುಗಿದ ಶರಟಿಗೆ ಮೇಜಿನ ಮೇಲೇ ಕೈ ಹಾಕಿದ. ಇಸ್ತ್ರಿ ಅಕ್ಕ ಅವನ ಕೈ ತಪ್ಪಿಸಿ ಶರಟನ್ನು ಹ್ಯಾಂಗರಿಗೆ ಹಾಕಿ ಸರಳಿಗೆ ತೂಗುಬಿಟ್ಟಳು.

"ಬಿಸಿಬಿಸಿ ಹಾಕ್ಕೊಂಡ್ರೆ ಸ್ಟೇರಿಂಗ್ ಹಿಡಿಯೋದ್ರೊಳಗೆ ಮೊಣಕೈ ಹತ್ರ ಮುದುರುತ್ತೆ. ಆಮೇಲೆ ಎಷ್ಟು ಒತ್ತಿದ್ರೂ ಆ ಗೆರೆ ಹೋಗಲ್ಲ. ಮೂರು ನಿಮಿಷ ತೂಗಾಡ್ಲಿ, ತಣ್ಣಗಾಗ್ಲಿ."

ಅವನು ಗೊಣಗುತ್ತಾ ಕಾದ. ಶರಟು ತೊಟ್ಟುಕೊಂಡು ಹೋದ. ಅವನು ಬೀದಿಯ ತಿರುವು ದಾಟಿದ ಮೇಲೆ ಅತ್ತೆ ಕೈಯಲ್ಲಿದ್ದ ಚೀಟಿಗಳನ್ನು ಕೆಳಗಿಟ್ಟರು.

"ಅವನ ಶರಟಿಗೆ ಕೊಟ್ಟ ಮರ್ಯಾದೆ ನಿನ್ನ ಕಾಲಿಗೆ ಇಲ್ವೇನೇ?"

"ಏನತ್ತೆ?"

"ಒತ್ತೋದು, ಕಾಯ್ಸೋದು, ಬಿಸಿ ಆರೋ ಮೊದಲೇ ಮತ್ತೆ ಹಾಕ್ಕೊಂಡು ಓಡೋದು. ತೂಗುಹಾಕೋದು ಯಾವಾಗ?"

ಇಸ್ತ್ರಿ ಅಕ್ಕ ಕೈಯಲ್ಲಿದ್ದ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಇಪ್ಪತ್ತೆರಡು ವರ್ಷ ಗಿರಾಕಿಗಳಿಗೆಲ್ಲ ತಾನೇ ಹೇಳಿಕೊಂಡು ಬಂದ ಮಾತು, ತನಗೇ ತಿಳಿಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು. ಅಂದು ಸಂಜೆ ಓಟದ ಶೂಗಳನ್ನು ಲೇಸಿನಿಂದ ಒಂದು ಹ್ಯಾಂಗರಿಗೆ ಕಟ್ಟಿ, ಗಿರಾಕಿಗಳ ಶರಟುಗಳ ನಡುವೆ ಸರಳಿಗೆ ತೂಗುಹಾಕಿದಳು. ಅತ್ತೆ ಎದ್ದು ಹೋಗಿ ಅದಕ್ಕೂ ಒಂದು ಚೀಟಿ ಸಿಕ್ಕಿಸಿದರು.

ಮೊದಲು ಪೂರ್ತಿ ಐದು ದಿನ. ಆಮೇಲೆ ಎರಡು ದಿನ ಓಡಿದರೆ ಒಂದು ದಿನ ಶೂ ಹ್ಯಾಂಗರಿನಲ್ಲಿ. ಓಡುವುದಕ್ಕಿಂತ ಓಡದಿರುವುದೇ ಆಕೆಗೆ ದೊಡ್ಡ ಶಿಕ್ಷೆಯಾಯಿತು. ಐದಕ್ಕೆ ಎಚ್ಚರವಾಗಿ ಹಾಸಿಗೆಯಲ್ಲಿ ಸೂರು ನೋಡುತ್ತಾ ಮಲಗಿರುವುದೆಂದರೇನು! ಒಳಗೊಳಗೇ ಕುದಿಯುತ್ತಿದ್ದಳು. ಬೀದಿಯವರು ಅಕ್ಕನ ಹುಚ್ಚು ಬಿಟ್ಟಿತು ಎಂದು ಮಾತಾಡಿಕೊಂಡರು. ಡ್ರೈವರು ಸರಳಿನ ಕಡೆ ನೋಡಿ, "ಶೂ ಯಾರದು, ಇಸ್ತ್ರಿಗೆ ಬಂದಿರೋದು?" ಎಂದು ಕೈ ಚಾಚಿದ.

"ಮುಟ್ಟಬೇಡ" ಎಂದರು ಅತ್ತೆ. "ಇನ್ನೂ ಬಿಸಿ ಇದೆ."

ನೋವು ಮಾಯವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಆಕೆಗೆ ಅದರ ಗುಣ ತಿಳಿಯಿತು. ಓಡಲು ಶುರುಮಾಡಿದ ಹತ್ತು ನಿಮಿಷಕ್ಕೆ ಸಡಿಲವಾಗುವ ನೋವಾದರೆ ಅದು ಬರೀ ಸೋಮಾರಿತನ, ಕಿವಿಗೆ ಹಾಕಿಕೊಳ್ಳಬೇಕಿಲ್ಲ. ಹೆಜ್ಜೆ ಹೆಜ್ಜೆಗೆ ಚುಚ್ಚುತ್ತಾ ಹೆಚ್ಚುವ ನೋವಾದರೆ ತಿರುಗಿ ಮನೆಗೆ ನಡೆಯಬೇಕು, ಮಾನ ಹೋದರೂ ಸರಿ. ಎರಡು ಸಲ ರೈಲು ಗೇಟಿನಿಂದ ಹಾಗೆ ನಡೆದೇ ಬಂದಳು, ದಾರಿಯುದ್ದಕ್ಕೂ ಎದುರಾದವರಿಗೆಲ್ಲ ನಮಸ್ಕಾರ ಮಾಡುತ್ತಾ. ಹಟ ಮಾಡುವವರನ್ನು ಬೇಕಾದಷ್ಟು ನೋಡಿದ್ದೇವೆ. ಹಟಮಾರಿಯಾಗಿದ್ದೂ ನಿಲ್ಲುವುದನ್ನು ಕಲಿತವರು ನನ್ನ ಕಣ್ಣಿಗಂತೂ ಹೆಚ್ಚು ಬಿದ್ದಿಲ್ಲ.

ಚಳಿ ಇಳಿದ ಮೇಲಿನ ಮೊದಲ ಭಾನುವಾರ ಓಟ. ಆಕೆ ಸೇತುವೆ ಮುಟ್ಟುವಾಗ ವ್ಯಾನು ನಾಲ್ಕು ನಿಮಿಷ ಹಿಂದಿತ್ತು. ಸೇತುವೆಯ ನಟ್ಟನಡುವೆ, ಹೇಳಿ ಕಳುಹಿಸಿದ ಹಾಗೆ, ಅದೇ ಎಡ ಮೀನಖಂಡ ಹಿಡಿದುಕೊಂಡಿತು.

ಹೋದ ವರ್ಷ ಇಲ್ಲೇ ಹಲ್ಲು ಕಚ್ಚಿದ್ದಳು. ಈ ವರ್ಷ ನಿಂತಳು. ಕಂಬಿ ಹಿಡಿದು ಎಡಗಾಲನ್ನು ಸಡಿಲ ಬಿಟ್ಟು, ಒಂದು ಶರಟು ತಣ್ಣಗಾಗುವಷ್ಟು ಹೊತ್ತು ಸುಮ್ಮನೆ ನಿಂತಳು. ಪಕ್ಕದಲ್ಲಿ ಹಾದುಹೋದವರು ಅಯ್ಯೋ ಪಾಪ ಎಂದರು. ಹಿಂದಿನಿಂದ ವ್ಯಾನಿನ ಸದ್ದು ಮೊದಲು ಸಣ್ಣಗೆ ಕೇಳಿಸಿತು, ಆಮೇಲೆ ಚೆನ್ನಾಗಿ ಕೇಳಿಸಿತು. ಓಡು ಓಡು ಎಂದು ಮೈಯೆಲ್ಲ ಕೂಗಿದರೂ ಆಕೆ ಕಾಲನ್ನು ಊರಲಿಲ್ಲ. ಬಿಗಿ ತಾನಾಗಿ ಬಿಟ್ಟ ಮೇಲೆ ನಡೆದಳು, ನಡಿಗೆ ಸರಿಹೋದ ಮೇಲೆ ಓಡಿದಳು. ಆಗ ವ್ಯಾನು ಬೆನ್ನಿಗೇ ಬಂದಿತ್ತು.

ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿದ. ಮುಖದಲ್ಲಿ ನಗುವಿರಲಿಲ್ಲ.

"ಅಕ್ಕ, ನಾನು ನಿಧಾನ ಮಾಡೋ ಹಾಗಿಲ್ಲ."

"ಮಾಡ್ಬೇಡಿ" ಎಂದಳು ಆಕೆ, ತಿರುಗದೆ.

ಅವನು ಮಾಡಲಿಲ್ಲ, ಅದು ಅವನ ದೊಡ್ಡತನ. ಮೂರು ಕಿಲೋಮೀಟರ್ ಆ ಇಂಜಿನ್ನು ಆಕೆಯ ಬೆನ್ನ ಹಿಂದೆ ಗುರುಗುಟ್ಟುತ್ತಲೇ ಬಂತು. ಗುರಿಯ ಗೆರೆಯನ್ನು ಆಕೆ ದಾಟಿದಾಗ ಗಡಿಯಾರದಲ್ಲಿ ಮೂರು ಗಂಟೆಗೆ ಇನ್ನೂ ಹದಿನೇಳು ಸೆಕೆಂಡು ಬಾಕಿಯಿತ್ತು. ಜನ ಚಪ್ಪಾಳೆ ತಟ್ಟಿದರು. ಈ ಸಲ ಅದು ಯಾರಿಗೆ ಎಂಬ ಅನುಮಾನ ಯಾರಿಗೂ ಇರಲಿಲ್ಲ.

ರಸ್ತೆಯ ಅಂಚಿನಲ್ಲಿ ಅತ್ತೆ ಅಂಗಡಿಯ ಸ್ಟೂಲನ್ನೇ ತಂದು ಕೂತಿದ್ದರು. ಗಡಿಯಾರ ನೋಡಿದರು, ಸೊಸೆಯ ಕಾಲು ನೋಡಿದರು. ಕಣ್ಣು ಒರೆಸಿಕೊಳ್ಳಲು ಮುಖ ಆಚೆ ತಿರುಗಿಸಿ, "ಮನೆಗೆ ನಡೀತೀಯಾ?" ಎಂದರು.

"ಒಂದು ಹೆಜ್ಜೇನೂ ಆಗಲ್ಲ ಅತ್ತೆ."

ಅಷ್ಟರಲ್ಲಿ ವ್ಯಾನು ಬಂದು ನಿಂತಿತು. ಇಸ್ತ್ರಿ ಅಕ್ಕ ಅತ್ತೆಯ ಹೆಗಲು ಹಿಡಿದು ಎರಡೇ ಹೆಜ್ಜೆಯಲ್ಲಿ ಅದನ್ನು ಮುಟ್ಟಿ, ಬಾಗಿಲನ್ನು ತಾನೇ ಎಳೆದಳು. ಒಳಗೆ ಕಿಟಕಿ ಪಕ್ಕದ ಸೀಟಿನ ಮೇಲೆ ಡ್ರೈವರಿನ ಊಟದ ಡಬ್ಬಿ ಇತ್ತು.

ಆಕೆ ಅದನ್ನೇ ನೋಡುತ್ತಾ ಒಂದು ಗಳಿಗೆ ನಿಂತಳು. ಆಮೇಲೆ ಡಬ್ಬಿಯನ್ನು ಎತ್ತಿ ಅವನ ಕೈಗೆ ಕೊಟ್ಟು, "ಈಗ ಕೂರ್ತೀನಿ" ಎಂದಳು.