ಗಿರಿಯಮ್ಮ ಮತ್ತು ಮೆಲುಕು ಹಾಕದ ಕುದುರೆ

ನನ್ನ ದೊಡ್ಡಮ್ಮ ಗಿರಿಯಮ್ಮನ ಬಗ್ಗೆ ಬರೆಯಲು ಕೂತರೆ ಮೊದಲು ಬರುವುದು ಕೋಪ. ಬರಲಿ, ಬರೆದೇ ಬಿಡುತ್ತೇನೆ. ಎಪ್ಪತ್ತೆರಡು ವರ್ಷ, ನಾಲ್ಕೂವರೆ ಅಡಿ ಎತ್ತರ, ದನಿ ಮಾತ್ರ ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನವರೆಗೆ. ಸುತ್ತಲಿನ ಯಾವ ಕೊಟ್ಟಿಗೆಯಲ್ಲಿ ದನ ಕಾಯಿಲೆ ಬಿದ್ದರೂ ನಲವತ್ತು ವರ್ಷಗಳ ಕಾಲ ಮೊದಲ ಕರೆ ಇವಳಿಗೆ, ಆಮೇಲೆ ಡಾಕ್ಟರಿಗೆ. ಈಗ ದನ ಸಾಕುವವರು ಯಾರಿದ್ದಾರೆ? ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಪ್ಯಾಕೆಟ್ಟಿಗೆ ಹೊಟ್ಟೆ ಉಬ್ಬರಿಸುವುದಿಲ್ಲ. ಅವಳ ಸ್ವಂತ ಹಸುವೂ ಕಳೆದ ದೀಪಾವಳಿ ಮುಗಿದ ವಾರ ಸತ್ತಿತು. ಆಮೇಲೂ ದಿನಾ ಬೆಳಿಗ್ಗೆ ಖಾಲಿ ಕೊಟ್ಟಿಗೆ ಗುಡಿಸುತ್ತಿದ್ದಳು.

ಹೀಗಿರುವಾಗ ನಾನು ಕುದುರೆ ಕ್ಯಾಂಪು ಶುರು ಮಾಡಿದೆ. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದರೆ ನಮ್ಮ ಜಮೀನಿನ ಕೆಳಗೆ ಕಣ್ಣು ಹಾಯುವಷ್ಟು ದೂರ ಹುಲ್ಲು. ಸವಾರಿಯ ಹುಚ್ಚಿರುವವರು ತಮ್ಮ ಕುದುರೆಗಳನ್ನು ಲಾರಿಯಲ್ಲಿ ತಂದು, ಆ ಹುಲ್ಲಿನಲ್ಲಿ ಓಡಿಸಿ, ನಮ್ಮಲ್ಲಿ ಟೆಂಟು ಹಾಕಿ ಉಳಿಯುವುದು. ಇದನ್ನು ವಿವರಿಸಿದಾಗ ಗಿರಿಯಮ್ಮ ಎಲೆಯಡಿಕೆ ಉಗಿದು ಬಂದಳು.

"ಮನೆ ಇದ್ದವ್ರು ಬಟ್ಟೆ ಗುಡಾರದಲ್ಲಿ ಮಲಗಕ್ಕೆ ಬತ್ತಾರಾ? ಕೆಲ್ಸ ಇಲ್ದಿದ್ ಬಡಗಿ ಮಗೀನ ಕುಂಡೆ ಕೆತ್ತಿದ್ನಂತೆ!"

ಹಾಗೆಂದವಳು ವಾರ ಕಳೆಯುವುದರೊಳಗೆ ನನ್ನ ಬಾಗಿಲಿಗೆ ಬಂದು ನಿಂತಳು.

"ಸುಂದ್ರೇಶ, ನಿನ್ನ ಕುದ್ರೆ ನೋಡ್ಕಳಕ್ಕೆ ನಾನು ಬತ್ತೀನಿ."

"ಕುದುರೆ ಬಗ್ಗೆ ನಿಂಗೆ ಎಂತ ಗೊತ್ತು ದೊಡ್ಡಮ್ಮ?"

"ನಾಲ್ಕು ಕಾಲು, ಒಂದು ಬಾಲ. ಮತ್ತೆಂತ ಗೊತ್ತಾಗ್ಬೇಕು?" ಎಂದವಳು ದನಿ ಇಳಿಸಿದಳು. "ಒಂದು ಪ್ರಾಣಿ ಮೈ ಮುಟ್ದೆ ಆರು ತಿಂಗ್ಳಾತು ಮಾರಾಯ. ಆತಿಲ್ಲ ನಂಗೆ."

ನನಗೆ ಮೂಗಿನ ತುದಿಯಲ್ಲೇ ಕೋಪ, ನಿಜ. ಆದರೆ ಇಂಥ ಮಾತಿಗೆ ಏನು ಮಾಡುವುದು? ಬಾ ಎಂದೆ. ಒಂದು ಷರತ್ತು ಹಾಕಿದೆ: ಮೇವು, ನೀರು, ಮದ್ದು ಎಲ್ಲ ಕುದುರೆಯವರದೇ ಜವಾಬ್ದಾರಿ, ನೀನು ಕಾವಲು ಮಾತ್ರ, ಒಂದೇ ಒಂದು ದೂರು ಬಂದರೂ ಮತ್ತೆ ಕ್ಯಾಂಪಿನ ಬೇಲಿ ದಾಟುವಂತಿಲ್ಲ. "ಆತು" ಎಂದಳು. ಅವಳು "ಆತು" ಎಂದು ಹೇಳಿದ ಹಾಗೆ ನಡೆದುಕೊಂಡದ್ದು ನಾನು ಹುಟ್ಟಿದ ಮೇಲಂತೂ ಇಲ್ಲ.

ಮೊದಲ ತಂಡ ಮೈಸೂರಿನಿಂದ ಬಂತು. ನಾಲ್ಕು ಜನ, ನಾಲ್ಕು ಕುದುರೆ. ತಂಡದ ಮುಖ್ಯಸ್ಥೆ ಶ್ರೀವಿದ್ಯಾ, ಅವರದು ಚಾಂದನಿ ಎಂಬ ಬಿಳಿ ಹೆಣ್ಣುಕುದುರೆ. ಬೆಳಿಗ್ಗೆಯೆಲ್ಲ ಸವಾರಿ ಮಾಡಿ, ಕುದುರೆಗಳನ್ನು ಮತ್ತಿಮರದ ನೆರಳಿಗೆ ಕಟ್ಟಿ, ನಾಲ್ವರೂ ಈಜಲು ಹೋದರು. ಗಿರಿಯಮ್ಮ ಎದುರಿಗಿದ್ದ ಮರದ ಬೊಡ್ಡೆಯ ಮೇಲೆ ಕೂತು ಕುದುರೆಗಳನ್ನೇ ದಿಟ್ಟಿಸತೊಡಗಿದಳು. ಮುಕ್ಕಾಲು ಗಂಟೆಯ ಮೇಲೆ ಅಡುಗೆ ಶೆಡ್ಡಿಗೆ ಓಡಿ ಬಂದಳು. ಮುಖ ಸುಟ್ಟ ಬದನೆಕಾಯಿ.

"ಸುಂದ್ರೇಶ, ಕೆಟ್ವಿ! ನಾಕಕ್ಕೆ ನಾಕೂ ಮೆಲುಕು ನಿಲ್ಸಿದಾವೆ. ಒಂದಾದ್ರೂ ಬಾಯಿ ಆಡ್ಸ್ಬೇಕಲ್ಲ? ಮಲಗ್ತಾನೂ ಇಲ್ಲ, ನಿಂತೇ ತೂಕಡಿಸ್ತಾವೆ."

ದನ ಮೆಲುಕು ಹಾಕುವುದು ನಿಲ್ಲಿಸಿತು ಎಂದರೆ ಆಸೆ ಬಿಟ್ಟ ಹಾಗೆ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮೊದಲನೇ ಕ್ಯಾಂಪಿಗೇ ನಾಲ್ಕು ಹೆಣವೇ! ಪೇಟೆಯಿಂದ ಕೋಳಿ ತಂದುಕೊಟ್ಟು ಹೊರಟಿದ್ದ ಮುಬಾರಕ್‌ನನ್ನು ತಡೆದು, ಕುದುರೆ ಮೆಲುಕು ಹಾಕುತ್ತದಾ ಎಂದು ಕೇಳಿದೆ.

"ಕೋಳಿ ಹಾಕಲ್ಲ ಅಣ್ಣಾ, ಅದು ಗ್ಯಾರಂಟಿ. ಕುದುರೆ ನಂಗೊತ್ತಿಲ್ಲ" ಎಂದು ಸ್ಕೂಟರ್ ಏರಿದ. ಮೂರ್ಖ!

ನಾನು ಶ್ರೀವಿದ್ಯಾ ಅವರನ್ನು ಕರೆತರಲು ನೀರಿನ ಕಡೆ ಓಡಿದೆ. ಅರ್ಧ ಮೈಲಿ ಕೆಸರು. ಅವರನ್ನು ಹುಡುಕಿ, ಏದುಸಿರಿನಲ್ಲಿ ವಿಷಯ ಹೇಳಿ, ಎಲ್ಲರೂ ಒದ್ದೆ ಬಟ್ಟೆಯಲ್ಲೇ ಓಡಿ ಬಂದರೆ ಮತ್ತಿಮರದ ಕೆಳಗೆ ಮೂರೇ ಕುದುರೆ. ಚಾಂದನಿ ಇಲ್ಲ. ಗಿರಿಯಮ್ಮನೂ ಇಲ್ಲ.

"ನನ್ನ ಕುದುರೆ ಎಲ್ರೀ?" ಎಂದು ಶ್ರೀವಿದ್ಯಾ ಕಿರುಚಿದರು. ಅಷ್ಟು ಹೊತ್ತಿಗೆ ನನಗೆ ಗೊಬ್ಬರದ ಗುಂಡಿಯ ಪಕ್ಕದ ದೊಡ್ಡಮ್ಮನ ಖಾಲಿ ಕೊಟ್ಟಿಗೆಯಿಂದ ಒಂದು ಪರಿಚಿತ ದನಿ ಕೇಳಿಸಿತು.

"ಕುಡಿ ಮಗಾ, ಕುಡಿ. ಖಾರ ಆತಾ? ಆಗ್ಲಿ, ಮೆಲುಕು ಬತ್ತದೆ."

ಕೊಟ್ಟಿಗೆಯೊಳಗೆ ಚಾಂದನಿ ಸೊಪ್ಪಿನ ಹಾಸಿನ ಮೇಲೆ ನಿಂತು ಬಕೆಟ್ಟಿಗೆ ಮುಖ ಹಾಕಿತ್ತು. ಗಿರಿಯಮ್ಮ ಶುಂಠಿ, ಓಮ, ಕಾಳುಮೆಣಸು, ಬೆಲ್ಲ ಕುದಿಸಿ ಆರಿಸಿದ್ದಳು. ದನಕ್ಕೆ ಮದ್ದು ಹುಯ್ಯುವ ಬಿದಿರಿನ ಗೊಟ್ಟ ಅವಳ ಕಂಕುಳಲ್ಲಿತ್ತು. ಅದರ ಅಗತ್ಯವೇ ಬಂದಿರಲಿಲ್ಲ, ಕುದುರೆ ತಾನಾಗಿಯೇ ಬಕೆಟ್ಟು ನೆಕ್ಕುತ್ತಿತ್ತು.

"ಅಮ್ಮಾ, ಬಂದ್ರಾ?" ಎಂದಳು, ಏನೂ ಆಗದವಳ ಹಾಗೆ. "ಸೀಕು ಬಲ ಆಗಿದೆ. ಬಾಯಿ ತೆಗ್ದು ನೋಡ್ದೆ, ಮೇಲ್ಗಡೆ ಮುಂದೂ ಹಲ್ಲು ಬಂದ್ಬಿಟ್ಟಿದಾವೆ!"

ದನಕ್ಕೆ ಮೇಲ್ಗಡೆ ಮುಂದೆ ಹಲ್ಲಿರುವುದಿಲ್ಲ, ಪಾಪ, ಅವಳು ಅಷ್ಟೇ ಕಂಡವಳು.

ಶ್ರೀವಿದ್ಯಾ ಗೋಡೆಗೆ ಒರಗಿದರು. "ಅಮ್ಮ, ಕುದುರೆ ಮೆಲುಕು ಹಾಕೋದೇ ಇಲ್ಲ. ಮೇಲ್ಗಡೆ ಹಲ್ಲು ಇರೋದೇ ಹಾಗೆ. ನಿಂತೇ ನಿದ್ದೆ ಮಾಡುತ್ತೆ." ಮೈಸೂರಿನ ಕುದುರೆ ಡಾಕ್ಟರಿಗೆ ಫೋನು ಮಾಡಿದರು. ಈ ಕಷಾಯದಿಂದ ಅಪಾಯವಿಲ್ಲ ಎಂದು ಅವರು ಹೇಳಿದ ಮೇಲೂ ಸಿಟ್ಟು ಇಳಿಯಲಿಲ್ಲ. "ಸುಂದರೇಶ್, ಕೇಳದೆ ನನ್ನ ಕುದುರೆಗೆ ಮದ್ದು ಹಾಕೋದು ಅಂದ್ರೆ ಏನ್ರೀ ಇದು?"

ದೂರು ಎಂದರೆ ಇದೇ. ನಾನು ಗಿರಿಯಮ್ಮನ ಮೇಲೆ ಹರಿಹಾಯ್ದೆ. ನಾಳೆಯಿಂದ ಕ್ಯಾಂಪಿನ ಕಡೆ ತಲೆ ಹಾಕಬೇಡ ಎಂದೆ. ಅವಳು ತಿರುಗಿ ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ.

"ಹಂಗಾದ್ರೆ ನಂಗೆ ಎಂತದೂ ಗೊತ್ತಿಲ್ಲ" ಎಂದಳು ಸಣ್ಣ ದನಿಯಲ್ಲಿ. ಆ ದನಿ ನಾನು ಕೇಳಿಯೇ ಇರಲಿಲ್ಲ. ಗೊಟ್ಟವನ್ನು ಮೂಲೆಗಿಟ್ಟು, ಸೆರಗಿನಲ್ಲಿ ಕುದುರೆಯ ಬಾಯಿ ಒರೆಸಿದಳು. "ಆದ್ರೆ ಇದ್ಕೆ ನೀರು ಕೊಡಿ ಅಮ್ಮಾ. ಕಷಾಯ ಕುಡಿಯಕ್ಕೆ ಮೊದ್ಲು ಎರಡು ಬಕೆಟ್ ನೀರು ಕುಡೀತು. ಬೆಳಗಿಂದ ಕುಡ್ದಂಗಿರ್ಲಿಲ್ಲ."

ಶ್ರೀವಿದ್ಯಾ ಜೊತೆಗಿದ್ದ ರಾಕೇಶನ ಕಡೆ ತಿರುಗಿದರು. "ಕುದುರೆಗಳಿಗೆ ನೀರು ಕುಡಿಸಿದ್ಯಲ್ಲ?"

"ನೀವು ಕುಡಿಸಿದ್ರಿ ಅಂದ್ಕೊಂಡೆ ಮೇಡಂ."

ರಾಕೇಶ ಬಕೆಟ್ಟು ಹಿಡಿದು ಉಳಿದ ಮೂರರ ಕಡೆ ಓಡಿದ. ಶ್ರೀವಿದ್ಯಾ ಅವರ ಮುಖ ಕೆಂಪಗಾಯಿತು. ಕುದುರೆಯ ಕುತ್ತಿಗೆಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ನಿಂತರು.

ಗಿರಿಯಮ್ಮ ಹೊರಟವಳು ಬಾಗಿಲಲ್ಲಿ ನಿಂತಳು. "ಅಮ್ಮಾ, ಒಂದು ಕೇಳ್ಲಾ? ದನ ಆದ್ರೆ ಬೇಜಾರಾದಾಗ ಮೆಲುಕು ಹಾಕ್ತಾ ಕೂತಿರ್ತದೆ. ಇದು ಎಂತ ಮಾಡ್ತದೆ?"

"ಒಂಟಿಯಾಗಿ ಬಿಟ್ರೆ ಕೊರಗುತ್ತೆ ಅಮ್ಮ" ಎಂದರು ಶ್ರೀವಿದ್ಯಾ. "ಯಾರಾದ್ರೂ ಪಕ್ಕದಲ್ಲಿರ್ಬೇಕು, ಅಷ್ಟೇ."

ಗಿರಿಯಮ್ಮ ನನ್ನ ಕಡೆ ನೋಡಿದಳು. ಶ್ರೀವಿದ್ಯಾ ಅವರೂ ನನ್ನ ಕಡೆಯೇ ನೋಡಿದರು. ನಾನು ಜೋರು ಮಾಡಿದೆ.

"ಎಂತಕ್ಕೆ ಹಂಗೆ ನೋಡ್ತೀಯ ದೊಡ್ಡಮ್ಮ? ನಾಳೆ ಆರು ಗಂಟೆಗೆ ಬಾ."

"ಆರಕ್ಕಾ?" ಎಂದಳು, ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ. "ಪ್ರಾಣಿ ಸಾಕಿದ ಮನೇಲಿ ಆರು ಗಂಟೆವರೆಗೆ ಬಿದ್ಕಂಡಿರ್ತಾರಾ? ನಾನು ಐದಕ್ಕೇ ಬತ್ತೀನಿ. ನೀನು ಎದ್ದಿರು!"