ಬಾಟ್ಲಿಯ ಮೇಲಿನ ತಾರೀಕು

ದೊಡ್ಡ ಸಿಸ್ಟರನ್ನು ಮೊದಲ ಸಲ ಕಂಡವರು ಅವರ ಮುಖಕ್ಕಿಂತ ಮೊದಲು ಕೈಯನ್ನು ನೋಡುತ್ತಿದ್ದರು. ಉಂಗುರವಿಲ್ಲ, ಬಳೆಯಿಲ್ಲ, ಉಗುರಂತೂ ಬುಡದವರೆಗೆ ಕತ್ತರಿಸಿದ್ದು. ವರ್ಷಗಟ್ಟಲೆ ಸೋಪು ನೀರು ಕುಡಿದು ಬೆರಳ ಗೆಣ್ಣುಗಳ ಮೇಲೆ ಸಣ್ಣ ಸಣ್ಣ ಬಿರುಕು. ವಾಚನ್ನು ಮಣಿಕಟ್ಟಿಗೆ ಕಟ್ಟದೆ ಎದೆಯ ಮೇಲೆ ಪಿನ್ನು ಹಾಕಿ ತಲೆಕೆಳಗಾಗಿ ತೂಗಿಸಿಕೊಂಡಿದ್ದರು. ಡ್ಯೂಟಿ ಮುಗಿಸಿ ಹೊರಡುವ ಮೊದಲು ಬ್ಯಾಗಿನಿಂದ ಪುಟ್ಟ ಡಬ್ಬಿ ತೆಗೆದು ಆ ಬಿರುಕುಗಳಿಗೆ ತೆಂಗಿನೆಣ್ಣೆ ತಿಕ್ಕುತ್ತಿದ್ದರು. ಆ ಎಣ್ಣೆಯ ವಾಸನೆ ಬಂತೆಂದರೆ ವಾರ್ಡಿನಲ್ಲಿ ಎಲ್ಲರೂ ಉಸಿರು ಬಿಟ್ಟು ಕೂರುತ್ತಿದ್ದೆವು.

ಪುತ್ತೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವರು ನರ್ಸುಗಳಿಗೆಲ್ಲ ಹಿರಿಯರು. ಆಸ್ಪತ್ರೆಯೊಳಗೆ ಒಬ್ಬರ ಸೋಂಕು ಇನ್ನೊಬ್ಬರಿಗೆ ಹರಡದಂತೆ ನೋಡಿಕೊಳ್ಳುವ ಹೊಣೆಯೂ ಅವರದ್ದೇ. ನಾನು ಬೆಟ್ಟಂಪಾಡಿ ಕಡೆಯ ಬ್ಯಾರಿ ಮುಸ್ಲಿಮರ ಹುಡುಗಿ, ನಮ್ಮ ಕುಟುಂಬದಲ್ಲಿ ನರ್ಸಿಂಗ್ ಕಲಿತ ಮೊದಲನೆಯವಳು. ಅಪ್ಪ, ಅಂದರೆ ನಮ್ಮ ಉಪ್ಪ, ಗಲ್ಫಿನಿಂದ ಫೋನಿನಲ್ಲೇ ಒಪ್ಪಿಗೆ ಕೊಟ್ಟಿದ್ದರು. ಊರಲ್ಲಿದ್ದ ಮಾಮ ಒಪ್ಪಿರಲಿಲ್ಲ. "ಇಷ್ಟು ಕಲಿತದ್ದು ಊರವರ ಕೀವು ಒರೆಸುದಕ್ಕಾ?" ಎಂದು ಉಮ್ಮನ ಎದುರೇ ಕೇಳಿದ್ದರು. ಒಂದು ತಪ್ಪಾದರೆ ಸಾಕು, ಹುಡುಗಿಯನ್ನು ಮನೆಗೆ ಕರೆಸಿ ಎನ್ನಲು ಅವರು ಕಾದು ಕೂತಿದ್ದರು. ನನಗೋ ಬಾಯಿ ಸ್ವಲ್ಪ ಹೆಚ್ಚು. ಕೆಲಸದ ಮೊದಲ ದಿನ ಕೈತುಂಬ ಬಳೆ ಹಾಕಿಕೊಂಡೇ ಹೋಗಿದ್ದೆ.

"ಬಳೆ ಚಂದ ಉಂಟು ಮೋಳೇ," ಎಂದರು ದೊಡ್ಡ ಸಿಸ್ಟರ್. "ಮನೆಗೆ ಹೋಗುವಾಗ ಹಾಕು."

ಅಷ್ಟೇ. ಬೈಗುಳ ಇಲ್ಲ, ಉಪದೇಶ ಇಲ್ಲ. ಮರುದಿನದಿಂದ ನನ್ನ ಬಳೆಗಳು ಬ್ಯಾಗಿನಲ್ಲಿ ಕಿಣಿಕಿಣಿ ಎನ್ನುತ್ತಿದ್ದವು.

ಅವರದ್ದು ಕ್ರೈಸ್ತ ಕುಟುಂಬ, ಅಪ್ಪ ಕೇರಳದಿಂದ ಬಂದು ಕಡಬದ ಹತ್ತಿರ ಜಾಗ ಮಾಡಿ ರಬ್ಬರ್ ಹಾಕಿದವರು. ಮನೆಯಲ್ಲಿ ಮಲಯಾಳಂ, ರೋಗಿಗಳ ಹತ್ತಿರ ತುಳು, ನಮ್ಮ ಹತ್ತಿರ ಕನ್ನಡ. ನಡುವೆ ಎಲ್ಲರನ್ನೂ ಮಗಳೇ ಎಂಬ ಅರ್ಥದಲ್ಲಿ 'ಮೋಳೇ' ಎನ್ನುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಅವರಿಗೆ ಯಾವ ಭಾಷೆಯೂ ಬೇಕಿರಲಿಲ್ಲ. ಸುಮ್ಮನೆ ನಿಂತು ನಮ್ಮ ಕೈಯನ್ನು ನೋಡುತ್ತಿದ್ದರು. ಅದಕ್ಕಿಂತ ಎರಡು ಪೆಟ್ಟು ತಿನ್ನುವುದೇ ವಾಸಿ ಎನಿಸುತ್ತಿತ್ತು.

ಹೊಸಬರು ಬಂದರೆ ಅವರದ್ದೊಂದು ಅರಿಶಿನದ ಪರೀಕ್ಷೆ. ಕಣ್ಣಿಗೆ ಬಟ್ಟೆ ಕಟ್ಟಿ, ಅಂಗೈಗೆ ಎಣ್ಣೆಯಲ್ಲಿ ಕಲಸಿದ ಅರಿಶಿನ ಸುರಿದು, "ಇದು ಸೋಪು ಅಂತ ತಿಳ್ಕೊಂಡು ತಿಕ್ಕಿ" ಎನ್ನುತ್ತಿದ್ದರು. ತಿಕ್ಕಿ ಮುಗಿದ ಮೇಲೆ ಬಟ್ಟೆ ಬಿಚ್ಚಿ ನೋಡಿದರೆ, ಅರಿಶಿನ ತಾಗದ ಜಾಗವೆಲ್ಲ ನಾವು ದಿನಾ ತೊಳೆಯದೆ ಬಿಡುವ ಜಾಗ. ಇದರಿಂದ ಡಾಕ್ಟರುಗಳಿಗೂ ವಿನಾಯಿತಿ ಇರಲಿಲ್ಲ. ನನ್ನ ಎರಡೂ ಹೆಬ್ಬೆರಳು ಬಿಳಿಚಿಕೊಂಡೇ ಇದ್ದವು.

"ಈ ಬೆರಳು ನಿನ್ನದಲ್ವಾ? ಯಾರದ್ದು, ನೆರೆಮನೆಯವರದ್ದಾ?" ಎಂದು ಕೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆವತ್ತಿನಿಂದ ಇವತ್ತಿನವರೆಗೆ ನಾನು ಕೈ ತೊಳೆಯುವಾಗ ಹೆಬ್ಬೆರಳಿನಿಂದಲೇ ಶುರು ಮಾಡುವುದು.

ಅವರ ಬುದ್ಧಿವಂತಿಕೆ ಇದ್ದದ್ದು ಜನರ ಜೊತೆ ಮಾತಾಡುವುದರಲ್ಲಿ. ಒಮ್ಮೆ ಸುಬ್ರಹ್ಮಣ್ಯ ಕಡೆಯ ಅಜ್ಜಿಯೊಬ್ಬರು ದೇವಸ್ಥಾನದ ಮೃತ್ತಿಕೆ ಪ್ರಸಾದವನ್ನು ಹುಟ್ಟಿದ ಮಗುವಿನ ಹೊಕ್ಕುಳಿಗೆ ಹಚ್ಚಲು ಹೊರಟಿದ್ದರು. ಹಸಿ ಹೊಕ್ಕುಳಿಗೆ ಮಣ್ಣು ತಾಗಿದರೆ ಎಂತಹ ಅಪಾಯ ಎಂದು ನನಗೆ ಗೊತ್ತಿತ್ತು. ಓಡಿ ಹೋಗಿ ಕಿತ್ತುಕೊಳ್ಳುವವಳೇ ಇದ್ದೆ. ದೊಡ್ಡ ಸಿಸ್ಟರ್ ನನ್ನನ್ನು ಬದಿಗೆ ಸರಿಸಿ ಎರಡೂ ಕೈ ಚಾಚಿದರು. "ಕೊಡಿ ಅಜ್ಜಿ. ಪ್ರಸಾದ ಹಣೆಗೆ ಅಲ್ವಾ ಹಾಕುದು? ಒಂದು ಚೂರು ಅಮ್ಮನ ಹಣೆಗೆ ಹಾಕುವ, ಉಳಿದದ್ದು ತಲೆದಿಂಬಿನ ಅಡಿಯಲ್ಲಿ ಇಡುವ. ದೇವರಿಗೆ ಅಲ್ಲಿಂದ ಸಹ ಕಾಣ್ತದೆ." ಅಜ್ಜಿ ಖುಷಿಯಾದರು. ನಮ್ಮವರು ಮೆಕ್ಕಾದ ಝಂಝಂ ನೀರು ತಂದಾಗಲೂ ಅದೇ ಉಪಾಯ: ಬಾಣಂತಿ ಒಂದು ಗುಟುಕು ಕುಡಿಯಬಹುದು, ಗಾಯಕ್ಕೆ ಮಾತ್ರ ಒಂದು ಹನಿಯೂ ಬೀಳಬಾರದು. ಆಮೇಲೆ ನನ್ನ ಕಡೆ ತಿರುಗಿ ಹೇಳಿದ್ದರು, "ಕಿತ್ಕೊಂಡ್ರೆ ಅವರು ನಾವು ಇಲ್ಲದಾಗ ಹಚ್ತಾರೆ ಮೋಳೇ. ಜಾಗ ತೋರಿಸಿಕೊಡ್ಬೇಕು."

ಇಷ್ಟೆಲ್ಲ ಬಲ್ಲ ಅವರದ್ದೊಂದು ಹಳೆಯ ಕಟ್ಟಪ್ಪಣೆ ಇತ್ತು. ಬೇಸಿನ್ನಿನ ಹತ್ತಿರದ ಸೋಪಿನ ಬಾಟ್ಲಿ ಯಾವತ್ತೂ ಖಾಲಿ ಆಗಬಾರದು. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಸೋಪು ಮುಗಿದಿದೆ ಎಂಬ ನೆವ ಹೇಳಿ ಎಷ್ಟೋ ಮಂದಿ ಕೈ ತೊಳೆಯದೆಯೇ ರೋಗಿಯನ್ನು ಮುಟ್ಟುತ್ತಿದ್ದರಂತೆ. ಆ ನೆವ ಯಾರ ಬಾಯಲ್ಲೂ ಬರಬಾರದು ಎಂದು ಈ ನಿಯಮ. ಅದನ್ನು ಪಾಲಿಸುತ್ತಿದ್ದವರು ಪಂಜದಿಂದ ಬರುತ್ತಿದ್ದ ಆಯಾ, ಲಲಿತಕ್ಕ. ಅಕ್ಕಿ ಡಬ್ಬಿಯ ತಳ ಕಂಡರೆ ಮನೆಗೆ ಒಳ್ಳೆಯದಲ್ಲ ಎಂದು ನಂಬಿದ ಹೆಂಗಸು. ಬೆಳಗ್ಗೆ ಜಗ್ಗಿನಲ್ಲಿ ಸೋಪು ಹಿಡಿದು ಹೊರಟರೆಂದರೆ, ಬಾಟ್ಲಿ ಅರ್ಧ ಇದ್ದರೂ ಕುತ್ತಿಗೆಯವರೆಗೆ ತುಂಬಿಸದೆ ಅವರಿಗೆ ಸಮಾಧಾನವಿಲ್ಲ.

ನಾನು ಸೇರಿದ ಎರಡನೇ ವರ್ಷ, ಒಂದೇ ವಾರದಲ್ಲಿ ಮೂರು ಬಾಣಂತಿಯರ ಸಿಸೇರಿಯನ್ ಗಾಯ ಕೆಟ್ಟಿತು. ಬ್ಯಾಂಡೇಜು ಬಿಚ್ಚಿದರೆ ಹಸಿರು ಛಾಯೆಯ ಕೀವು, ತಲೆ ತಿರುಗುವಂಥ ವಾಸನೆ. ಒಬ್ಬಳಿಗಂತೂ ಜ್ವರ ಏರಿ ಮಗುವಿಗೆ ಹಾಲು ಕೊಡುವುದಕ್ಕೂ ಆಗುತ್ತಿರಲಿಲ್ಲ. ಆಸ್ಪತ್ರೆಯ ಮ್ಯಾನೇಜರ್ ಡ್ರೆಸ್ಸಿಂಗ್ ರಿಜಿಸ್ಟರ್ ತರಿಸಿ ನೋಡಿದರು. ನನ್ನನ್ನು ಕರೆಸಿದರು.

"ಮೂರಕ್ಕೂ ನಿಮ್ಮದೇ ಸಹಿ ಉಂಟು. ನಾಳೆಯಿಂದ ಬರುದು ಬೇಡ. ಬೇಕಾದ್ರೆ ನಾವೇ ಫೋನ್ ಮಾಡ್ತೇವೆ."

ಕಣ್ಣೆದುರು ಬಂದದ್ದು ಮಾಮನ ಮುಖ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ನಿಜವಾಗಿ ನನ್ನ ಕೈಯಿಂದಲೇ ಆಗಿದ್ದರೆ? ಸೀದಾ ಡ್ರೆಸ್ಸಿಂಗ್ ರೂಮಿಗೆ ಹೋದೆ. ದೊಡ್ಡ ಸಿಸ್ಟರ್ ಅಲ್ಲಿದ್ದರು.

"ಸಿಸ್ಟರ್, ನಾನು ಪ್ರತಿ ಸಲ ಕೈ ತೊಳೆದಿದ್ದೇನೆ. ಅಲ್ಲಾಹನಾಣೆಗೂ ತೊಳೆದಿದ್ದೇನೆ."

"ಆಣೆ ಹಾಕುದು ಬೇಡ. ತೊಳೆದು ತೋರಿಸು."

ತೊಳೆದೆ. ಹೆಬ್ಬೆರಳು, ಬೆರಳ ಸಂದು, ಉಗುರಿನ ತುದಿ, ಮಣಿಕಟ್ಟು. ಆಮೇಲೆ ಪೆಟ್ಟಿಗೆಗೆ ಕೈ ಹಾಕಿ ಗ್ಲೌಸು ಎಳೆದು ಹಾಕಿಕೊಂಡೆ. "ಇನ್ನೊಮ್ಮೆ," ಎಂದರು. ಇನ್ನೊಮ್ಮೆ ತೊಳೆದೆ. ಮೂರನೆಯ ಸಲ ತೊಳೆಯುವಾಗ ಅವರು ನನ್ನ ಕೈಯನ್ನು ನೋಡುತ್ತಿರಲಿಲ್ಲ, ಬಾಟ್ಲಿಯನ್ನು ನೋಡುತ್ತಿದ್ದರು. ಅದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ತಳದಲ್ಲಿ ಲೋಳೆಯಂತೆ ಏನೋ ಕೂತಿತ್ತು. ಲಲಿತಕ್ಕನನ್ನು ಕರೆದರು.

"ಇದನ್ನು ಕಡೆಯ ಸಲ ಖಾಲಿ ಮಾಡಿ ತೊಳೆದದ್ದು ಯಾವಾಗ ಲಲಿತಕ್ಕ?"

ಲಲಿತಕ್ಕ ಹೆಮ್ಮೆಯಿಂದ ಹೇಳಿದರು, "ಎಂತ ಸಿಸ್ಟರ್ ನೀವು! ಖಾಲಿ ಆಗ್ಲಿಕ್ಕೆ ನಾನು ಬಿಟ್ಟದ್ದೇ ಇಲ್ಲ."

ದೊಡ್ಡ ಸಿಸ್ಟರ್ ಸ್ಟೂಲಿನ ಮೇಲೆ ಕೂತುಬಿಟ್ಟರು. ಡ್ಯೂಟಿಯಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವತ್ತೇ ಎಲ್ಲ ಬೇಸಿನ್ನುಗಳ ಬಾಟ್ಲಿ ತೆಗೆಸಿದರು. ಈ ಸೋಪು, ನಲ್ಲಿಯ ನೀರು, ಗ್ಲೌಸಿನ ಪೆಟ್ಟಿಗೆ, ಮೂವರ ಗಾಯದ ಕೀವು, ಎಲ್ಲದರ ಮಾದರಿ ಮಂಗಳೂರಿನ ಲ್ಯಾಬಿಗೆ ಹೋಯಿತು. ಮ್ಯಾನೇಜರ್ ಹತ್ತಿರ ಹೋಗಿ, "ರಿಪೋರ್ಟ್ ಬರುವವರೆಗೆ ಈ ಹುಡುಗಿ ನನ್ನ ಜೊತೆ ಇರ್ತಾಳೆ. ಇವಳನ್ನು ಕಳಿಸುದಾದ್ರೆ ನನ್ನನ್ನು ಸಹ ಕಳಿಸಿ" ಎಂದರು. ಆ ಕೆಲವು ದಿನ ಗಾಯ ಮುಟ್ಟುವುದಕ್ಕೆ ನನ್ನನ್ನು ಬಿಡಲಿಲ್ಲ. ಅವರ ಹಿಂದೆ ಫೈಲು ಹಿಡಿದುಕೊಂಡು ತಿರುಗಿದೆ. ಮನೆಯಲ್ಲಿ ಉಮ್ಮನಿಗೂ ಹೇಳಲಿಲ್ಲ.

ರಿಪೋರ್ಟ್ ಬಂತು. ಕೀವಿನಲ್ಲಿದ್ದ ರೋಗಾಣುವೇ ಸೋಪಿನಲ್ಲೂ ಇತ್ತು, ಗ್ಲೌಸಿನ ಪೆಟ್ಟಿಗೆಯಲ್ಲೂ ಇತ್ತು. ಮೀಟಿಂಗಿನಲ್ಲಿ ಡಾಕ್ಟರುಗಳು, ನರ್ಸುಗಳು ಎಲ್ಲರೂ ಇದ್ದೆವು. ಲಲಿತಕ್ಕ ಬಾಗಿಲ ಹತ್ತಿರ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದರು.

"ಹಾಗಾದ್ರೆ ಇದು ಆಯಾನ ತಪ್ಪು," ಎಂದರು ಮ್ಯಾನೇಜರ್.

ದೊಡ್ಡ ಸಿಸ್ಟರ್ ಎದ್ದು ನಿಂತರು.

"ಆಯಾನದ್ದಲ್ಲ, ನನ್ನದು. ಬಾಟ್ಲಿ ಖಾಲಿ ಆಗಬಾರದು ಅಂತ ಹೇಳಿದ್ದು ನಾನು. ಅಡಿಯ ಹಳೆಯ ಸೋಪು ಹಾಗೆಯೇ ಉಳೀತು, ಅದರ ಮೇಲೆ ದಿನಾ ಹೊಸತು ಬಿತ್ತು. ರೋಗಾಣುವಿಗೆ ಮನೆ ಕಟ್ಟಿಕೊಟ್ಟದ್ದು ನನ್ನ ಮಾತು. ಇಷ್ಟು ವರ್ಷ ಎಲ್ಲರಿಗೂ ಕಲಿಸಿದ್ದು ಸಹ ಇದನ್ನೇ."

ಅವರು ನನ್ನ ಕಡೆ ಬೆರಳು ತೋರಿಸಿದರು.

"ಇವಳ ಪೇಶೆಂಟುಗಳಿಗೇ ಯಾಕೆ ಬಂತು ಅಂತ ಕೇಳ್ತೀರಲ್ಲ. ಉಳಿದವರು ಗೋಡೆಯಲ್ಲಿರುವ ಸ್ಯಾನಿಟೈಸರ್ ಜೆಲ್ ಒರೆಸಿಕೊಂಡು ಓಡ್ತಾರೆ. ನಾನು ಹೇಳಿದ ಹಾಗೆ ಪ್ರತಿ ಸಲ ಸೋಪು ಹಾಕಿ ತೊಳೆದವಳು ಇವಳೊಬ್ಬಳೇ. ನನ್ನನ್ನು ನಂಬಿದ್ದಕ್ಕೆ ಇವಳ ಕೆಲಸ ಹೋಗುದಾ?" ಆಮೇಲೆ, "ಇವಳದ್ದೂ ಒಂದು ತಪ್ಪು ಉಂಟು. ಕೈ ಒಣಗುವಷ್ಟು ತಾಳ್ಮೆ ಇಲ್ಲ. ಒದ್ದೆ ಕೈಯನ್ನೇ ಗ್ಲೌಸಿನ ಪೆಟ್ಟಿಗೆಗೆ ಹಾಕ್ತಾಳೆ. ಸೋಪಿನ ರೋಗಾಣು ಗ್ಲೌಸಿಗೆ ಹತ್ತಿದ್ದು ಹಾಗೆ. ಅದನ್ನು ನಾನು ಸರಿ ಮಾಡ್ತೇನೆ" ಎಂದರು.

ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಇಡೀ ಆಸ್ಪತ್ರೆಯೇ ಹೆದರುವ ಹೆಂಗಸು, ತನ್ನ ತಪ್ಪನ್ನು ತಾನೇ ಹುಡುಕಿ ತಂದು ಮೇಜಿನ ಮೇಲೆ ಇಟ್ಟಿದ್ದರು. ಸುಮ್ಮನಿದ್ದಿದ್ದರೆ ಯಾರೂ ಅವರನ್ನು ಕೇಳುತ್ತಿರಲಿಲ್ಲ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಮೂರೂ ಬಾಣಂತಿಯರ ಮಂಚದ ಹತ್ತಿರ ಹೋಗಿ ತಪ್ಪು ನಮ್ಮದು ಎಂದು ಹೇಳಿದರು. ಸುಳ್ಯ ಕಡೆಯ ಒಬ್ಬಳ ಗಂಡ ವಾರ್ಡು ಹಾರಿಹೋಗುವಂತೆ ಕೂಗಾಡಿದ. "ಬೈಯಿರಿ," ಎಂದು ಇವರು ಅಲ್ಲೇ ನಿಂತರು. "ಬೈಯಬೇಕಾದದ್ದೇ. ಗಾಯ ಒಣಗುವವರೆಗೆ ದಿನಾ ನಾನೇ ಡ್ರೆಸ್ಸಿಂಗ್ ಮಾಡ್ತೇನೆ." ಹಾಗೆಯೇ ಮಾಡಿದರು. ಮೂವರೂ ಗುಣವಾಗಿ ಮಕ್ಕಳನ್ನೆತ್ತಿಕೊಂಡು ಮನೆಗೆ ಹೋದರು. ಮ್ಯಾನೇಜರ್ ನನಗೆ ಫೋನು ಮಾಡುವ ಪ್ರಸಂಗವೇ ಬರಲಿಲ್ಲ, ನಾನು ಮನೆಗೆ ಹೋಗಿದ್ದರಲ್ಲವೇ!

ಅಲ್ಲಿಂದ ಹೊಸ ನಿಯಮ. ಸೋಪು ಎಷ್ಟೇ ಉಳಿದಿರಲಿ, ಏಳು ದಿನ ಆಯಿತೆಂದರೆ ಬಾಟ್ಲಿ ಖಾಲಿ ಮಾಡಬೇಕು, ತೊಳೆಯಬೇಕು, ಕವುಚಿ ಹಾಕಿ ಪೂರ್ತಿ ಒಣಗಿಸಬೇಕು. ಹೊಸತು ತುಂಬಿಸಿ, ಪ್ಲಾಸ್ಟರಿನ ಪಟ್ಟಿ ಅಂಟಿಸಿ, ಅದರ ಮೇಲೆ ತಾರೀಕು ಬರೆಯಬೇಕು. ಲಲಿತಕ್ಕನಿಗೆ ಮಾತ್ರ ಜೀವ ಹೋದ ಹಾಗಾಗುತ್ತಿತ್ತು. "ಅಯ್ಯೋ ಸಿಸ್ಟರ್, ಅರ್ಧ ಉಂಟು!"

"ಚೆಲ್ಲಿ ಲಲಿತಕ್ಕ. ತಳ ಕಾಣ್ಲಿ."

ಅವರು ನಿವೃತ್ತರಾಗುವಾಗ ಸೋಂಕು ತಡೆಯುವ ಆ ಹೊಣೆಯನ್ನು ನನ್ನ ಕೈಗೆ ಕೊಟ್ಟು ಹೋದರು. ಅರಿಶಿನದ ಡಬ್ಬಿಯನ್ನೂ ಕೊಟ್ಟರು. ಈಗ ಹೊಸ ಡಾಕ್ಟರುಗಳ ಹೆಬ್ಬೆರಳು ಯಾರದ್ದು ಎಂದು ಕೇಳುವವಳು ನಾನು. ಕಳೆದ ವರ್ಷ ಮಾಮನಿಗೆ ಹರ್ನಿಯಾ ಆಪರೇಷನ್ ನಮ್ಮಲ್ಲೇ ಆಯಿತು. ನೋಡಲು ಬಂದ ಸರ್ಜನ್ನಿನ ಹತ್ತಿರ, "ಡಾಕ್ಟ್ರೇ, ಕೈ ತೊಳೆದ್ರಾ? ನನ್ನ ತಂಗಿಯ ಮಗಳು ಇಲ್ಲಿಯ ದೊಡ್ಡ ಜನ" ಎಂದರಂತೆ. ಕೀವಿನ ಮಾತು ಅವರಿಗೆ ಮರೆತೇ ಹೋಗಿತ್ತು. ನಾನೂ ನೆನಪಿಸಲಿಲ್ಲ.

ದೊಡ್ಡ ಸಿಸ್ಟರ್ ಈ ವರ್ಷ ಹೋದರು. ಒಂದು ವಾರ ಹಾಸಿಗೆ ಹಿಡಿದಿದ್ದರು, ಅಷ್ಟೇ. ಕಡಬದ ಇಗರ್ಜಿಯ ಸ್ಮಶಾನದಲ್ಲಿ ಮಣ್ಣು ಮಾಡಿ ಎಲ್ಲರೂ ಅವರ ಮನೆಗೆ ಬಂದೆವು. ನನ್ನ ಕೈಗೆ ಮಣ್ಣು ಮೆತ್ತಿತ್ತು. ಹಿಂಬದಿಯ ಬೇಸಿನ್ನಿಗೆ ಹೋದೆ. ಅಲ್ಲಿ ಸೋಪಿನ ಬಾಟ್ಲಿ, ಅದರ ಮೇಲೆ ಪ್ಲಾಸ್ಟರಿನ ಪಟ್ಟಿ. ತಾರೀಕು ಅವರದ್ದೇ ಅಕ್ಷರದಲ್ಲಿ, ಸ್ವಲ್ಪ ನಡುಗಿದ ಅಕ್ಷರ. ಎಣಿಸಿದೆ. ಒಂಬತ್ತು ದಿನವಾಗಿತ್ತು.

ನಾನು ಬಾಟ್ಲಿಯ ಮುಚ್ಚಳ ಬಿಚ್ಚಿದ್ದನ್ನು ಕಂಡು ಅವರ ತಮ್ಮನ ಹೆಂಡತಿ ಹತ್ತಿರ ಬಂದರು. "ಅದು ನಮ್ಮ ಚೇಚಿ, ಅಕ್ಕ, ಬರೆದದ್ದು. ಇರ್ಲಿ ಬಿಡಿ," ಎಂದರು. ಅವರ ಕಣ್ಣು ತುಂಬಿತ್ತು. ನನ್ನ ಕೈಯೂ ಒಂದು ಗಳಿಗೆ ತಡೆಯಿತು, ಸುಳ್ಳು ಯಾಕೆ ಹೇಳಲಿ. ಇನ್ನು ಆ ಅಕ್ಷರ ಎಲ್ಲಿಯೂ ಸಿಗುವುದಿಲ್ಲ.

ಪಟ್ಟಿ ಕಿತ್ತೆ. ಸೋಪು ಚೆಲ್ಲಿದೆ. ಬಿಸಿನೀರು ಹಾಕಿ ಕುಲುಕಿ ತೊಳೆದು, ತಳ ಕಾಣುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡಿದೆ. ಕಟ್ಟೆಯ ಮೇಲೆ ಬಿಸಿಲಿಗೆ ಕವುಚಿ ಇಟ್ಟೆ. ಜೊತೆಗೆ ಬಂದಿದ್ದ ನರ್ಸುಗಳು ಬಸ್ಸಿಗೆ ಹೊತ್ತಾಯಿತು ಎಂದು ಕರೆದರು. ನೀವು ಹೋಗಿ ಎಂದೆ. ಬಾಟ್ಲಿ ಪೂರ್ತಿ ಒಣಗುವವರೆಗೆ ಅಲ್ಲೇ ಕೂತೆ. ಆಮೇಲೆ ಹೊಸ ಸೋಪು ತುಂಬಿಸಿ, ಹೊಸ ಪಟ್ಟಿ ಅಂಟಿಸಿ, ಅವರನ್ನು ಮಣ್ಣು ಮಾಡಿದ ಆ ದಿನದ ತಾರೀಕು ಬರೆದೆ.