ಇಬ್ಬರ ನಡುವೆ ಒಂದು ಗುಳಿಗೆ

ನನ್ನ ಅತ್ತಿಗೆ ಹೋದ ತಿಂಗಳು ಗುಳಿಗೆ ಹಂಚಿ ಸಿಕ್ಕಿಬಿದ್ದರು. ಬಸಳೆಸೊಪ್ಪು ಹಂಚುವ ಹಾಗೆ, ಕ್ಯಾನ್ಸರಿನ ಗುಳಿಗೆ!

ಗಿರಿಜತ್ತಿಗೆ, ನನ್ನ ಅಣ್ಣನ ಹೆಂಡತಿ. ಇರುವುದು ಅಂಕೋಲೆಯ ಹತ್ತಿರದ ಹಳ್ಳಿಯಲ್ಲಿ. ಬೇಲಿಯಾಚೆ ಮನೆ ಗದ್ದೆಕೂಲಿ ಮಾಡುವ ಮಾದೇವಿಯದು. ಇಬ್ಬರೂ ಜೀವದ ಗೆಳತಿಯರು. ಒಂದೇ ವರ್ಷ ಇಬ್ಬರಿಗೂ ಎದೆಯಲ್ಲಿ ಗಂಟು ಬಂತು. ಇಬ್ಬರಿಗೂ ಆಪರೇಷನ್ ಆಯಿತು.

ಆಮೇಲೆ ದಾರಿ ಬೇರೆಯಾಯಿತು. ಅತ್ತಿಗೆಗೆ ದಿನಾ ಗುಳಿಗೆ, ಅಷ್ಟೆ. ಮಾದೇವಿಗೆ ಇಂಜೆಕ್ಷನ್ನು. ವಾಂತಿ, ಸುಸ್ತು. ಅಬ್ಬಲಿಗೆ ಮುಡಿಯುತ್ತಿದ್ದ ತಲೆ ಬೋಳಾಯಿತು.

"ಗುಳಿಗೆ ಮುಗೀತು ಮಾರಾಯಾ, ಕಾರವಾರದಿಂದ ತಂದ್ಕೊಡು" ಅಂದರು ಅತ್ತಿಗೆ. ಮೊನ್ನೆಯಷ್ಟೇ ತಂದುಕೊಟ್ಟಿದ್ದೆನಲ್ಲ?

"ಮಾದೇವಿಗೂ ಕೊಡ್ತೆ. ಅವ್ಳ ಅವಸ್ಥೆ ನೋಡ್ಕಂತ ಒಬ್ಳೇ ತಿನ್ನೂಕೆ ಮನಸ್ಸು ಬರೂದಿಲ್ಲ."

ವಿಷಯ ಅಷ್ಟಕ್ಕೇ ಮುಗಿಯಲಿಲ್ಲ. ಗುಳಿಗೆ ಸಿಕ್ಕಿತಲ್ಲ ಅಂತ ಮಾದೇವಿ ಇಂಜೆಕ್ಷನ್ನಿಗೆ ಹೋಗುವುದನ್ನೇ ಬಿಟ್ಟಿದ್ದಳು.

ಇಬ್ಬರನ್ನೂ ಬಸ್ಸು ಹತ್ತಿಸಿ ಕಾರವಾರದ ಡಾಕ್ಟರರ ಮುಂದೆ ಕೂರಿಸಿದೆ. ಅವರಿಗೆ ಸಿಟ್ಟು ಬಂತು (ಬರಬೇಕಾದದ್ದೇ). "ಯಾಕಮ್ಮಾ ಹೀಗೆ ಮಾಡಿದೆ?"

ಮಾದೇವಿ ಸೆರಗನ್ನು ತಲೆಗೆಳೆದುಕೊಂಡಳು. "ಗುಳಿಗೆ ದೊಡ್ಡೋರ ಮದ್ದು, ಇಂಜೆಕ್ಷನ್ನು ಕೂಲಿಯೋರಿಗೆ ಅಂದ್ಕಂಡೆ ಒಡ್ಯಾ."

ಡಾಕ್ಟರರ ದನಿ ಇಳಿಯಿತು. "ಅಲ್ಲಮ್ಮಾ. ನಿಮ್ಮಿಬ್ಬರ ಗಂಟಿನ ಚೂರನ್ನೂ ಮುಂಬಯಿಗೆ ಪರೀಕ್ಷೆಗೆ ಕಳಿಸಿದ್ದೆ. ಗಿರಿಜಮ್ಮನದು ಹೆಂಗಸರ ಮೈಯ ಹಾರ್ಮೋನನ್ನೇ ಹಿಡಿದು ಬೆಳೆಯುವ ಗಂಟು. ಈ ಗುಳಿಗೆ ಅದನ್ನು ತಡೆಯುತ್ತದೆ. ನಿನ್ನದು ಆ ಬಗೆಯದಲ್ಲ. ನಿನಗೆ ಇಂಜೆಕ್ಷನ್ನೇ ಬೇಕು."

"ಹಂಗಾರೆ ನಂಗೆ ಕಡ್ಮೆ ಮದ್ದು ಕೊಟ್ಟದ್ದಲ್ಲ?"

"ಅಲ್ಲ. ನಿನಗೆ ಹೊಂದುವ ಮದ್ದು ಕೊಟ್ಟದ್ದು."

ಅಳಲು ಶುರು ಮಾಡಿದವರು ಅತ್ತಿಗೆ. "ಹಂಗಾರೆ ನಾ ಇವ್ಳಿಗೆ ಕೊಡೂಕಾಗೂದು ಎಂತದೂ ಇಲ್ವಾ?"

"ವಾಂತಿ ಬಂದಾಗ ಬೆನ್ನು ತಿಕ್ಕೂಕೆ ಬಾ" ಅಂದಳು ಮಾದೇವಿ.

ಈಗ ಇಂಜೆಕ್ಷನ್ನಿನ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಕಾರವಾರಕ್ಕೆ ಹೋಗುತ್ತಾರೆ. ಬಿಟ್ಟುಹೋದ ಇಂಜೆಕ್ಷನ್ನುಗಳಿಂದ ಎಷ್ಟು ಕೆಡುಕಾಗಿದೆಯೋ, ಡಾಕ್ಟರರೂ ಖಾತ್ರಿಯಾಗಿ ಹೇಳುವುದಿಲ್ಲ. ಮಾದೇವಿ ಮಾತ್ರ ಒಂದನ್ನೂ ತಪ್ಪಿಸುತ್ತಿಲ್ಲ.

ರೋಗ ಒಂದೇ ಹೆಸರಿನದಾದರೂ ಮದ್ದು ಬೇರೆ ಇರಬಹುದು ಎಂದು ಕಂಡುಕೊಂಡದ್ದು ಸಣ್ಣ ಮಾತಲ್ಲ. ಕಂಡುಕೊಂಡವರಿಗೆ ನಮಸ್ಕಾರ. ಆದರೆ ಗಂಟಿನ ಚೂರು ಮುಂಬಯಿಗೆ ಹೋಗಿ ಉತ್ತರ ತಂದಿತಲ್ಲ, ಆ ಉತ್ತರ ಡಾಕ್ಟರರ ಮೇಜಿನಿಂದ ಎದುರು ಕೂತ ಮಾದೇವಿಯ ಕಿವಿಗೆ ಬರಲು ಯಾಕೆ ಇಷ್ಟು ಕಾಲ ಹಿಡಿಯಿತು?